ಟೈರು ಶಾಸನ

ಹಲ್ಮಿಡಿ ಶಾಸನದ 16 ಸಾಲುಗಳನ್ನು ಮೂವತ್ತು ವರ್ಷ ಕಾಲೇಜಿನ ಹುಡುಗರಿಗೆ ಅರೆದು ಕುಡಿಸಿದವನು ನಾನು. ಅಂಥವನಿಗೂ ಓದಲು ಬಾರದ ಬರಹವೊಂದು ನಮ್ಮ ಮನೆಯಂಗಳದಲ್ಲೇ ಬಿದ್ದುಕೊಂಡಿದೆ ಎಂದು ಗೊತ್ತಾದದ್ದು ನಿವೃತ್ತನಾದ ಮೇಲೆ. ಅದು ನನ್ನ ಸೆಕೆಂಡ್‌ಹ್ಯಾಂಡ್ ಥಾರ್ ಜೀಪಿನ ಟೈರಿನ ಪಕ್ಕೆಯ ಮೇಲಿತ್ತು.

ಆದದ್ದಿಷ್ಟು. ಅಡಿಕೆಗೆ ಎರಡನೇ ಸಲ ಬೋರ್ಡೋ ಹೊಡೆಸಿ, ಕೊಯ್ಲು ಶುರುವಾಗುವುದರೊಳಗೆ ಸಿಗುವ ಒಂದು ತಿಂಗಳಲ್ಲಿ ಕೊಪ್ಪದಿಂದ ಹೊರಟು ಸ್ಪಿತಿ, ಲೇಹ್ ನೋಡಿಕೊಂಡು ಬರುವುದೆಂದು ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದೆವು. ಈ ತೀರ್ಮಾನಕ್ಕೆ ಬೇಕಾದದ್ದು ಒಂದು ಸಂಜೆ, ಎರಡು ಲೋಟ ಕಾಫಿ. ಯಾವ ಟೈರು ಹಾಕಿಸುವುದೆಂಬ ತೀರ್ಮಾನಕ್ಕೆ ಎರಡೂವರೆ ತಿಂಗಳು ಹಿಡಿಯಿತು.

ಬೆಂಕಿ ಹಚ್ಚಿದವನು ಬೆಂಗಳೂರಿನ ನನ್ನ ಬಾಮೈದ. ಸಾಫ್ಟ್‌ವೇರ್ ಉದ್ಯೋಗ, ವಾಹನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿರುತ್ತದೆ, ಜ್ಞಾನ ಮಾತ್ರ ಸದಾ ಕಾಡುಮೇಡು ಅಲೆಯುತ್ತಿರುತ್ತದೆ. "ಭಾವ, ಈ ಹೈವೇ ಟೈರಲ್ಲಿ ಸ್ಪಿತಿಗೆ ಹೋಗ್ತೀರಾ? ಅಕ್ಕನ್ನ ಬೇರೆ ಕರ್ಕೊಂಡು?" ಎಂದ. ಅಕ್ಕನನ್ನು ಎತ್ತಿದ ಮೇಲೆ ಪ್ರಶ್ನೆ ಟೈರಿನದಾಗಿ ಉಳಿಯಲಿಲ್ಲ; ನನ್ನ ಮೂವತ್ತೆರಡು ವರ್ಷದ ದಾಂಪತ್ಯದ ಜವಾಬ್ದಾರಿಯದಾಯಿತು.

ಟಾರ್ಚು ಹಿಡಿದು ಕುಕ್ಕರಗಾಲಲ್ಲಿ ಕೂತು ಟೈರು ಓದತೊಡಗಿದೆ. 235/70 R16. 235 ಎಂದರೆ ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಪಕ್ಕೆಯ ಎತ್ತರ. ಅದು ಮಿಲಿಮೀಟರಲ್ಲ, ಅಗಲದ ಶೇಕಡಾ 70. 16 ಎಂದರೆ ಒಳಗಿನ ಡಿಸ್ಕಿನ ವ್ಯಾಸ, ಇಂಚಿನಲ್ಲಿ. ನಡುವಿನ ಆರ್ ರೇಡಿಯಲ್ ಎಂಬುದಕ್ಕೆ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು! ಒಂದೇ ಪದ್ಯದಲ್ಲಿ ಮೂರು ಛಂದಸ್ಸು ತಂದವನನ್ನು ನಾನು ಯಾವ ಪರೀಕ್ಷೆಯಲ್ಲೂ ಪಾಸು ಮಾಡಿದವನಲ್ಲ.

ಅದರ ಮುಂದೆ 106, ಪಕ್ಕದಲ್ಲೊಂದು ಇಂಗ್ಲಿಷ್ ಅಕ್ಷರ. ಟೈರು ಹೊರುವ ಭಾರಕ್ಕೊಂದು ಕೋಷ್ಟಕವಿದೆ. ಅದರಲ್ಲಿ 106 ಎಂದರೆ 950 ಕಿಲೋ. ಇದನ್ನು ಹೆಂಡತಿಗೆ ಹೇಳಬಾರದಿತ್ತು. ಹಪ್ಪಳ ಒಣಗಿಸುತ್ತಿದ್ದವಳು ಕೂತಲ್ಲೇ ಲೆಕ್ಕ ಹಾಕಿ, "ನಾಲ್ಕಕ್ಕೆ 3,800 ಕಿಲೋ ಆಯ್ತಲ್ಲ. ಮತ್ತೆ ಉಪ್ಪಿನಕಾಯಿ ಡಬ್ಬ ಬೇಡ, ಭಾರ ಅಂತ ಯಾಕೆ ಹೇಳಿದ್ರಿ?" ಎಂದಳು. ಜೀಪಿನ ಸ್ವಂತ ತೂಕ ಎಂಬುದೊಂದಿದೆ ಎಂದು ವಿವರಿಸಿದೆ. ಅದು ವಾದದಲ್ಲಿ ಸೋತವರು ಹೇಳುವ ಮಾತೆಂಬಂತೆ ಕೇಳಿಸಿಕೊಂಡಳು.

ಇಂಗ್ಲಿಷ್ ಅಕ್ಷರ ವೇಗದ ಮಿತಿಗೆ. ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್, ಟಿ 190, ಯು 200. ಸರಿ, ಅಕ್ಷರಮಾಲೆ ಏರುತ್ತಿದೆ, ಮುಂದಿನದು ವಿ ಇರಬೇಕು ಎಂದುಕೊಂಡರೆ, 210ಕ್ಕೆ ಎಲ್ಲಿಂದಲೋ ಎಚ್ ಬಂದು ಕೂರುತ್ತದೆ! ಆಮೇಲೆ ವಿ, 240. ಅ ಆ ಇ ಈ ಹೇಳುತ್ತ ಹೇಳುತ್ತ ಮಧ್ಯೆ ಳ ಅಂದ ಹಾಗೆ. ನನ್ನ ಜೀಪು 90 ದಾಟಿದರೆ ಬಾಗಿಲು, ಕಿಟಕಿ, ನನ್ನ ಕಟ್ಟಿಸಿದ ಹಲ್ಲು ಎಲ್ಲವೂ ಅಲುಗತೊಡಗುವುದರಿಂದ ಈ ಅರಾಜಕತೆ ನನಗೆ ಸಂಬಂಧಿಸಿದ್ದಲ್ಲ ಎಂದು ಬಿಟ್ಟುಕೊಟ್ಟೆ.

ಒಂದು ವಿಷಯದಲ್ಲಿ ಮಾತ್ರ ಟೈರಿಗೆ ತಲೆಬಾಗಿದೆ. ಹಲ್ಮಿಡಿ ಶಾಸನದಲ್ಲಿ ಇಸವಿಯಿಲ್ಲ. ಕ್ರಿ.ಶ. 450ರ ಸುಮಾರು ಎನ್ನುತ್ತೇವೆ; ಅದರ ಮೇಲೆ ವಿದ್ವಾಂಸರು ಜಗಳಾಡಿದ್ದಾರೆ, ಆಡುತ್ತಿದ್ದಾರೆ. ಟೈರಿನ ಪಕ್ಕೆಯಲ್ಲಿ ಪುಟ್ಟ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2622 ಎಂದರೆ 2022ರ 26ನೇ ವಾರ ಹುಟ್ಟಿದ್ದು. ಕದಂಬರ ಆ ಶಿಲ್ಪಿಗೆ ಇಷ್ಟು ಬುದ್ಧಿಯಿದ್ದಿದ್ದರೆ ನಮ್ಮಲ್ಲಿ ಎಷ್ಟು ಜನರ ಪಿಎಚ್‌.ಡಿ. ತಪ್ಪುತ್ತಿತ್ತು!

ಓದಲು ಬಂದಷ್ಟಕ್ಕೇ ಆರಿಸಲು ಬರುವುದಿಲ್ಲ. ಟೈರಿನಲ್ಲಿ ಮೂರು ಮತಗಳಿವೆ. ಹೈವೇ ಟೈರು ಡಾಂಬರಿನದು. ಸಣ್ಣ ಗೆರೆ, ಮೆತ್ತಗಿನ ನಡೆ. ಮಡ್ ಟೈರು, ನಮ್ಮ ಕಡೆ ಬಟನ್ ಟೈರು ಅನ್ನುವುದು, ದಪ್ಪ ದಪ್ಪ ಗುಬುಟುಗಳದ್ದು. ಗುಬುಟುಗಳ ನಡುವೆ ಅಗಲ ಸಂದು ಬಿಟ್ಟಿರುವುದರಿಂದ ಕೆಸರು ಅಂಟಿಕೊಳ್ಳದೆ ಸಿಡಿದುಹೋಗುತ್ತದೆ. ಇವೆರಡರ ನಡುವಿನ ಸಮನ್ವಯವಾದಿ ಆಲ್ ಟೆರೇನ್. ಬಾಮೈದ ಬಟನ್ ಟೈರಿನ ಕಟ್ಟಾ ಭಕ್ತ. ಅದೂ 245/75ರ ಅಳತೆಯದ್ದೇ ಆಗಬೇಕೆಂದು ಅವನ ಹಟ. ಲೆಕ್ಕ ಮಾಡಿ ನೋಡಿದೆ: ವ್ಯಾಸ 735 ಮಿಲಿಮೀಟರಿನಿಂದ 774ಕ್ಕೆ ಏರುತ್ತದೆ. ಶೇಕಡಾ 5ರಷ್ಟು ದೊಡ್ಡ ಚಕ್ರ. ಆಗ ಮೀಟರು 100 ತೋರಿಸುವಾಗ ಜೀಪು ನಿಜವಾಗಿ 105ರಲ್ಲಿ ಓಡುತ್ತಿರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಲೂಬಹುದು. "ಮಡ್‌ಗಾರ್ಡ್ ಸ್ವಲ್ಪ ಕತ್ತರಿಸಿದರಾಯ್ತು ಭಾವ" ಎಂದ. ಚಪ್ಪಲಿ ಚಿಕ್ಕದಾದರೆ ಬೆರಳು ಕತ್ತರಿಸುವ ವೈದ್ಯಶಾಸ್ತ್ರ.

ಬಟನ್ ಟೈರಿನ ಅನುಭವವೂ ಆಗಲೆಂದು ಹಳೆಯ ಶಿಷ್ಯನೊಬ್ಬನ ಜೀಪಿನಲ್ಲಿ ಶೃಂಗೇರಿಗೆ ಹೋಗಿಬಂದೆ. ಅಡಿಕೆ ಸುಲಿಯುವ ಯಂತ್ರದ ಪಕ್ಕ ಕೂತು ಸಹಸ್ರನಾಮ ಕೇಳಿದಂತಾಯಿತು. ಶಿಷ್ಯ ಏನೋ ಭಕ್ತಿಯಿಂದ ಹೇಳುತ್ತಿದ್ದ. ನಾನು ಎಲ್ಲದಕ್ಕೂ ಹೌದೆಂದೆ. ಅವನ ಮಗನಿಗೆ ಟ್ಯೂಷನ್ ಹೇಳಿಕೊಡಲು ಒಪ್ಪಿದ್ದೆನೆಂದು ಮರುದಿನ ಹುಡುಗ ಪುಸ್ತಕ ಹಿಡಿದು ಬಂದಾಗ ತಿಳಿಯಿತು.

ಇತ್ಯರ್ಥ ಮಾಡಿದ್ದು ಹೆಂಡತಿ. ಕ್ಯಾಲೆಂಡರಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ದಾರಿ ಕೂಡಿಸಿದಳು. ಹೋಗಿಬರುವುದು, ಅಲ್ಲಿ ಸುತ್ತುವುದು ಎಲ್ಲ ಸೇರಿ ಸುಮಾರು 7,000 ಕಿಲೋಮೀಟರ್. ಅದರಲ್ಲಿ ರಸ್ತೆ ಅನ್ನಲಾಗದ ರಸ್ತೆ ಎಷ್ಟು? ಗ್ರಾಂಫೂನಿಂದ ಕುಂಜುಮ್ ಕಣಿವೆಯ ಮೇಲೆ ಲೋಸರ್‌ವರೆಗೆ ಸುಮಾರು 80, ಮತ್ತೆ ಅದೇ ದಾರಿಯಲ್ಲಿ ವಾಪಸು 80, ಅಲ್ಲಿಲ್ಲಿ ಚೂರುಪಾರು. "ಇನ್ನೂರು ಅಂತ ಇಟ್ಕೊಳ್ಳಿ. ಇನ್ನೂರು ಕಿಲೋಮೀಟರಿಗೋಸ್ಕರ ಉಳಿದ 6,800 ಕಿಲೋಮೀಟರು ಕಿವಿಗೆ ಹತ್ತಿ ಇಟ್ಕೊಂಡು ಬರಬೇಕಾ ನಾನು?" ಆಲ್ ಟೆರೇನ್ ಎಂದು ಆ ಕ್ಷಣವೇ ಗೊತ್ತಾಯಿತು. ಬಾಮೈದನಿಗೆ ಮಾತ್ರ, ಪಕ್ಕೆಯಲ್ಲಿ ಹೆಚ್ಚು ಪದರಗಳಿರುವ ಗಟ್ಟಿಮುಟ್ಟಾದ ಟೈರು, ಚೂಪುಗಲ್ಲು ಕುಯ್ಯುವುದು ಪಕ್ಕೆಯನ್ನು, ಪಕ್ಕೆ ಹರಿದರೆ ಪಂಚರ್ ಅಂಗಡಿಯ ಯಾವ ತೇಪೆಯೂ ನಿಲ್ಲುವುದಿಲ್ಲ, ಆದ್ದರಿಂದ ಹೀಗೆ, ಎಂದು ಸ್ವಂತ ಸಂಶೋಧನೆಯ ಫಲವೆಂಬಂತೆ ಬರೆದು ಕಳಿಸಿದೆ.

ಟೈರಂಗಡಿಯಲ್ಲಿ ನನ್ನ ಶಾಸನಪಾಂಡಿತ್ಯ ಒಮ್ಮೆಯಾದರೂ ಕೆಲಸಕ್ಕೆ ಬಂತು. ಸಾಲಾಗಿ ಒರಗಿಸಿದ್ದ ಐದರಲ್ಲಿ ನಾಲ್ಕು 22ನೇ ಇಸವಿಯವು, ಐದನೆಯದು 3119. "ಇದು ಮೂರು ವರ್ಷ ಹಳೇದಲ್ಲವೇನಯ್ಯಾ?" ಎಂದೆ. ಅಂಗಡಿಯವನು ನನ್ನನ್ನೂ ಟೈರನ್ನೂ ನೋಡಿ, "ಸಾರ್ ಆರ್‌ಟಿಓದಲ್ಲಿ ಇದ್ರಾ?" ಎಂದ. ಕನ್ನಡ ಮೇಷ್ಟ್ರೆಂದು ಹೇಳಿ ಸಿಕ್ಕಿದ ಮರ್ಯಾದೆ ಕಳೆದುಕೊಳ್ಳುವುದು ಬೇಡವೆಂದು ಸುಮ್ಮನೆ ನಕ್ಕೆ. ಟೈರು ಬದಲಾಯಿತು. ಹಳೆಯವಕ್ಕೆ ಅವನು ಹೇಳಿದ ಬೆಲೆಗೆ ಹೊಸ ಟೈರಿನ ವಾಲ್ವಿನ ಮುಚ್ಚಳವೂ ಬರುತ್ತಿರಲಿಲ್ಲ. ಇನ್ನೂ ಅರ್ಧ ಆಯುಸ್ಸಿತ್ತು ಅವುಗಳಿಗೆ. ಐದನ್ನೂ ಮನೆಗೇ ತಂದೆ. "ಎಂತಕ್ಕೆ ಇವು?" ಎಂದು ಕೇಳಿದಳು ಹೆಂಡತಿ. ಬೇಕಾಗ್ತದೆ ಎಂದೆ. ಅವುಗಳಲ್ಲಿ ಚೆನ್ನಾಗಿದ್ದ ಒಂದಕ್ಕೆ ಗುಜರಿಯ ಡಿಸ್ಕ್ ಹೊಂದಿಸಿ ಎರಡನೇ ಸ್ಟೆಪ್ನಿ ಮಾಡಿಕೊಂಡೆ. ಉಳಿದ ನಾಲ್ಕು ಕೊಟ್ಟಿಗೆಯ ಹಿಂದೆ ಒಂದರ ಮೇಲೊಂದು ಕೂತವು.

ಇಷ್ಟಾದ ಮೇಲೆ ಕಟ್ಟೆಯ ಬಳಿ ನಮ್ಮೂರ ಜೀಪಿನ ಸಾಯಿಬ್ರು ಸಿಕ್ಕಿದರು. ನಲವತ್ತು ವರ್ಷದಿಂದ ಈ ಘಟ್ಟದ ಮಳೆಯಲ್ಲಿ ಹಳೆ ಜೀಪು ಹೊಡೆಯುತ್ತಿರುವವರು. ಹೊಸ ಟೈರನ್ನು ಬೆರಳಿನಿಂದ ಒತ್ತಿ, ಹಲಸಿನಕಾಯಿ ಬಲಿತಿದೆಯೋ ಎಂದು ನೋಡುವಂತೆ ಒಮ್ಮೆ ತಟ್ಟಿ, "ಚಂದ ಉಂಟು ಮೇಷ್ಟ್ರೇ. ಆದ್ರೆ ಟೈರು ಎಂತದಾದ್ರೂ ಆಗ್ತದೆ ಮಾರಾಯ್ರೆ, ಚೈನು ಬೇಕು. ಒಂದು ಜೊತೆ ನನ್ನದೇ ಕೊಡ್ತೆ, ತಗೊಂಡು ಹೋಗಿ" ಎಂದರು. ಅವರ ಜೀಪಿನದು ಹಳೆಯ 6.00-16 ಅಳತೆ. ಮಳೆಗಾಲದಲ್ಲಿ ಹಿಂದಿನ ಎರಡು ಚಕ್ರಕ್ಕೆ ಕಬ್ಬಿಣದ ಸರಪಳಿ ಬಿಗಿದು ಎಂಥ ಕೆಸರನ್ನೂ ಏರಿಸುತ್ತಾರೆ. ಎರಡೂವರೆ ತಿಂಗಳ ಸಂಶೋಧನೆಯ ಮುಂದೆ ಸರಪಳಿ ಬಹಳ ಒರಟಾಗಿ ಕಂಡಿತು. ಬೇಡವೆಂದೆ.

ಹೊರಟೆವು. ಎರಡನೇ ಸ್ಟೆಪ್ನಿ ಹಿಂದಿನ ಸೀಟಿನಲ್ಲಿ ಬೀಗರಂತೆ ಕೂತಿತು, ಉಪ್ಪಿನಕಾಯಿ ಡಬ್ಬ ಅದರ ಹೊಟ್ಟೆಯೊಳಗೆ. ಮಹಾರಾಷ್ಟ್ರ, ಗುಜರಾತ್, ರಾಜಸ್ಥಾನ ದಾಟಿ ಮನಾಲಿ ಸೇರುವವರೆಗೆ ಹೇಳುವಂಥದ್ದೇನಿಲ್ಲ. ಹೆದ್ದಾರಿ ಎಂದರೆ ಊರೂರಿಗೂ ಒಂದೇ ಮುಖ. ಅಟಲ್ ಸುರಂಗದ 9 ಕಿಲೋಮೀಟರ್ ದಾಟಿ ಆಚೆ ಬಂದು, ಗ್ರಾಂಫೂನಲ್ಲಿ ಸ್ಪಿತಿಯ ದಾರಿ ಹಿಡಿಯುವ ಮುನ್ನ ನಾನು ಎರಡೂವರೆ ತಿಂಗಳು ಕಾದಿದ್ದ ಕೆಲಸಕ್ಕೆ ಇಳಿದೆ. ಗಾಳಿ ಬಿಡುವುದು! ಕಲ್ಲುಹಾದಿಗೆ ಗಾಳಿ ಕಡಿಮೆಯಿರಬೇಕು. ಆಗ ಟೈರು ನೆಲಕ್ಕೆ ಹೆಚ್ಚು ತಾಗುತ್ತದೆ. ಅಗಲಕ್ಕಿಂತ ಉದ್ದಕ್ಕೇ ಹರಡಿ, ಬರಿಗಾಲು ಬಂಡೆಯನ್ನು ಹಿಡಿದಂತೆ ಕಲ್ಲನ್ನು ಅಪ್ಪಿಕೊಂಡು ದಾಟುತ್ತದೆ. ಮೀಟರು ಹಿಡಿದು ನಾಲ್ಕೂ ಚಕ್ರವನ್ನು 32ರಿಂದ 22ಕ್ಕೆ ಇಳಿಸಿದೆ. ಸ್ಪಿತಿಯ ಟ್ಯಾಕ್ಸಿಯವನೊಬ್ಬ ನಿಲ್ಲಿಸಿ, ಪಂಚರ್ ಆಯಿತೇ ಎಂದು ಹಿಂದಿಯಲ್ಲಿ ವಿಚಾರಿಸಿದ. ಇಲ್ಲ, ನಾನೇ ಬಿಡುತ್ತಿದ್ದೇನೆ ಎಂದೆ. ಅವನು ನನ್ನ ಹೆಂಡತಿಯ ಕಡೆ ಮರುಕದಿಂದ ನೋಡಿ ಮುಂದೆ ಹೋದ.

ಆ ದಾರಿಯ ಬಗ್ಗೆ ಕೇಳಿದ್ದೆಲ್ಲ ನಿಜ. ಚಂದ್ರಾ ನದಿಯ ಪಕ್ಕ, ನದಿಯೇ ಬಿಟ್ಟುಹೋದ ಗುಂಡುಗಲ್ಲುಗಳನ್ನು ರಸ್ತೆಯೆಂದು ಕರೆದಿದ್ದಾರೆ. ಹಿಮ ಕರಗಿದ ನೀರು ಅಡ್ಡಡ್ಡ ಹರಿಯುತ್ತದೆ. ಮಧ್ಯಾಹ್ನವಾದಂತೆ ಬಿಸಿಲಿಗೆ ಕರಗಿ ಏರುತ್ತದೆ, ಹಾಗಾಗಿ ಬೆಳಿಗ್ಗೆಯೇ ದಾಟಬೇಕು. ಟೈರು ಒಮ್ಮೆಯೂ ಜಾರಲಿಲ್ಲ, ಹರಿಯಲಿಲ್ಲ. ಕುಂಜುಮ್ ಹತ್ತಿದಾಗ, ಕೆಳಗಿನ ಬಯಲುಸೀಮೆಯಲ್ಲಿ ಕೊಂಡಿದ್ದ ಚಿಪ್ಸ್ ಪೊಟ್ಟಣ ದಿಂಬಿನ ಹಾಗೆ ಊದಿಕೊಂಡಿತು. ಹೊರಗಿನ ಗಾಳಿಯ ಒತ್ತಡ ಕಡಿಮೆಯಾದರೆ ಒಳಗಿನದು ಉಬ್ಬುತ್ತದೆ, ಟೈರಿನದೂ ಇದೇ ಕಥೆ, ಆದರೆ ಚಳಿಗೆ ಗಾಳಿ ಕುಗ್ಗುವುದರಿಂದ ಮೀಟರಿನಲ್ಲಿ ಅಷ್ಟು ಕಾಣುವುದಿಲ್ಲ ಎಂದು ಪಾಠ ಶುರುಮಾಡಿದೆ. ಅಷ್ಟರಲ್ಲಿ ಹೆಂಡತಿ ಉದಾಹರಣೆಯನ್ನು ಒಡೆದು ತಿನ್ನತೊಡಗಿದ್ದಳು.

ಲೋಸರ್‌ನಲ್ಲಿ ಮತ್ತೆ ಗಾಳಿ ತುಂಬಬೇಕಲ್ಲ. ಪಂಪಿನ ಅಂಗಡಿಯಿಲ್ಲದ ಊರಿಗೆಂದೇ ಬ್ಯಾಟರಿಯಲ್ಲಿ ಓಡುವ ಪುಟ್ಟ ಕಂಪ್ರೆಸರ್ ತಂದಿದ್ದೆ. 4,000 ಮೀಟರಿನ ಆಸುಪಾಸಿನ ಆ ಎತ್ತರದಲ್ಲಿ ಒಂದು ಟೈರಿಗೆ ತುಂಬುವಷ್ಟರಲ್ಲಿ ಅದು ಕಾದ ಬಾಣಲೆಯಾಯಿತು; ಬಗ್ಗಿ ಎದ್ದು ನಾನು ತಿದಿಯಾದೆ. ಇಬ್ಬರೂ ಏದುಸಿರು ಬಿಡುತ್ತ ಪಕ್ಕಪಕ್ಕ ಕೂತೆವು. ಗಾಳಿಯೇ ಇಲ್ಲದ ಊರಿನಲ್ಲಿ ಗಾಳಿ ತುಂಬುವ ಈ ಕಸರತ್ತಿಗೆ ಮೂಲಪುರುಷ ಡನ್‌ಲಪ್ ಎಂಬ ದನದ ಡಾಕ್ಟರು. ಬೆಲ್‌ಫಾಸ್ಟಿನವನು, ಮಗನ ಮೂರು ಚಕ್ರದ ಸೈಕಲ್ಲು ಕುಲುಕುತ್ತದೆಂದು ಗಾಳಿ ತುಂಬಿದ ಟೈರು ಮಾಡಿ 1888ರಲ್ಲಿ ಪೇಟೆಂಟ್ ಪಡೆದ. ಥಾಮ್ಸನ್ ಎಂಬವನು ಅದಕ್ಕೂ ನಲವತ್ತು ವರ್ಷ ಹಿಂದೆಯೇ ಇದನ್ನು ಕಂಡುಹಿಡಿದಿದ್ದನೆಂದು ಆಮೇಲೆ ಗೊತ್ತಾಗಿ ಪೇಟೆಂಟ್ ಬಿದ್ದುಹೋಯಿತು. ನಮ್ಮ ಗೌರಿ ಗಬ್ಬದ ದನವಾಗಿದ್ದಾಗ ಕರೆದರೆ ಮೂರು ದಿನವಾದರೂ ಬಾರದ ಡಾಕ್ಟರೂ ಹೀಗೇ ಎಲ್ಲೋ ಟೈರು ಕಂಡುಹಿಡಿಯುತ್ತಿದ್ದಿರಬೇಕು.

ಒಂದು ಕೊರಗು ಮಾತ್ರ ಹೇಳಿಕೊಳ್ಳಬೇಕು. ಎರಡು ಸ್ಟೆಪ್ನಿ, ಪಂಚರ್ ಹಾಕುವ ಪಟ್ಟಿ, ಅಂಟು, ಸೂಜಿ, ಎರಡು ಜಾಕಿ. ಲೇಹ್ ಮುಗಿಸಿ ಇಷ್ಟು ದೂರ ತಿರುಗಿ ಬಂದರೂ ಒಂದೇ ಒಂದು ಪಂಚರ್ ಆಗಲಿಲ್ಲ. ಮದುವೆಗೆ ಕಂಠಪಾಠ ಮಾಡಿಕೊಂಡು ಹೋದ ಪುರೋಹಿತನನ್ನು ಊಟಕ್ಕೆ ಮಾತ್ರ ಎಬ್ಬಿಸಿದ ಹಾಗೆ. "ಒಂದಾದ್ರೂ ಆಗಬೇಕಿತ್ತು" ಎಂದು ಶಿವಮೊಗ್ಗ ದಾಟುವಾಗ ಬಾಯಿಬಿಟ್ಟು ಹೇಳಿದೆ. "ಬಾಯಿ ತೊಳ್ಕೊಳ್ಳಿ" ಎಂದಳು ಹೆಂಡತಿ.

ಕೊಪ್ಪದಲ್ಲಿ ಬಿಡದೆ ಮಳೆ. ರಾತ್ರಿ ಎಂಟಕ್ಕೆ ಟಾರು ರಸ್ತೆಯಿಂದ ನಮ್ಮ ತೋಟದ ಕೆಮ್ಮಣ್ಣಿನ ಏರಿಗೆ ತಿರುಗಿಸಿದೆ. ಮುನ್ನೂರು ಮೀಟರ್ ಹೋದರೆ ಮನೆ. ಜಗಲಿಯ ದೀಪ ಕಾಣುತ್ತಿದೆ. ಅರ್ಧ ಏರಿನಲ್ಲಿ ಜೀಪು ಒಂದು ಸಲ ಸೊಂಟ ಅಲ್ಲಾಡಿಸಿ ನಿಂತಿತು. ಫೋರ್‌ವೀಲ್ ಹಾಕಿದೆ, ಲೋ ಹಾಕಿದೆ. ನಾಲ್ಕೂ ಚಕ್ರ ಏಕಮತದಿಂದ ನಿಂತಲ್ಲೇ ತಿರುಗಿದವು. ಇಳಿದು ಟಾರ್ಚು ಬಿಟ್ಟರೆ, ಆಲ್ ಟೆರೇನಿನ ಸಂದುಗಳೆಲ್ಲ ಜಿಗುಟು ಮಣ್ಣಿನಿಂದ ತುಂಬಿ, ಟೈರು ಎಣ್ಣೆ ಹಚ್ಚಿದ ಹೋಳಿಗೆ ಲಟ್ಟಣಿಗೆಯಂತೆ ನುಣ್ಣಗಾಗಿತ್ತು. ಇಂಥಲ್ಲಿಗೆ ಬೇಕಾದದ್ದು ಬಟನ್ ಟೈರೇ. ಫೋಟೋ ತೆಗೆದು ಬಾಮೈದನಿಗೆ ಕಳಿಸುವ ತಪ್ಪನ್ನು ನಾನು ಮಾಡಲಿಲ್ಲ. ಅವನ ಅಕ್ಕ ಮಾಡಿದಳು.

ಸಾಯಿಬ್ರು ಬಂದರು. ಹಿಂದಿನ ಚಕ್ರಗಳಲ್ಲಿ ಸರಪಳಿ ಕಿಣಿಕಿಣಿ ಅನ್ನುತ್ತಿತ್ತು. ಹಗ್ಗ ಬಿಗಿಯುತ್ತ, "ಎಂತ ಮೇಷ್ಟ್ರೇ, ಹಿಮಾಲಯ ಹತ್ತಿ ಬಂದವ್ರಿಗೆ ದಣಪೆ ದಾಟ್ಲಿಕ್ಕೆ ಆಗ್ಲಿಲ್ವಾ?" ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ಅದೇ ಕಷ್ಟ. ಎರಡೇ ನಿಮಿಷಕ್ಕೆ ಅಂಗಳ ಸೇರಿಸಿದರು.

ಬೆಳಿಗ್ಗೆ ಕೊಟ್ಟಿಗೆಯ ಕಡೆಯಿಂದ ಹೆಂಡತಿ ಕೂಗಿದಳು. "ರೀ, ಬನ್ನಿ ಇಲ್ಲಿ. ಓದಿ ಇದನ್ನ." ನಾಲ್ಕು ಹಳೆಯ ಟೈರು ಇಟ್ಟ ಜಾಗದ ಮೇಲೆ, ಮಾಡಿನ ಕೆಳಗೆ ಮಳೆ ತಾಗದ ಗೋಡೆಯಲ್ಲಿ ಸೀಮೆಸುಣ್ಣದ ಬರಹ. ಡೆಂಗ್ಯೂ ಸೊಳ್ಳೆ ನೋಡಲು ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯ ಕೈ. ದುಂಡಗಿನ ಅಕ್ಷರ, ನನ್ನ ವಿದ್ಯಾರ್ಥಿನಿಯೇ ಇರಬೇಕು.

14-9-22. ಟೈರು 4. ನೀರಲ್ಲಿ ಹುಳ ಇದೆ. ಚೆಲ್ಲಿದೆ.

21-9-22. ಟೈರು 4. ಮತ್ತೆ ಇದೆ. ಚೆಲ್ಲಿದೆ.

28-9-22. ಟೈರು 4. ಮನೆಯವರು ಎಲ್ಲಿ?

ಕಾಲನಿರ್ಣಯದ ವಿಷಯದಲ್ಲಿ ಯಾವ ಗೊಂದಲವೂ ಇರಲಿಲ್ಲ.