ಮಿಣುಕುದೀಪ ಮೀಮಾಂಸೆ: ನಾಲ್ಕು ತಾಲ್ಲೂಕುಗಳ ವೈಫೈ ದರ್ಶನ

ಪೀಠಿಕೆ

ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಪ್ಲಗ್ಗು, ಸ್ಮಾರ್ಟ್ ಕ್ಯಾಮೆರಾಗಳು ವೈಫೈಗೆ ಕೂಡಿಕೊಳ್ಳದೆ ಮೊಬೈಲಿನ ಪರದೆಯಲ್ಲಿ ‘ಆಫ್‌ಲೈನ್’ ಎಂಬ ಬೂದು ಬಣ್ಣದ ನಾಮ ಹಾಕಿಕೊಂಡು ಕೂರುವುದೇಕೆ ಎಂಬ ಪ್ರಶ್ನೆ ಲೋಕದ ಎಲ್ಲ ಮನೆಗಳಲ್ಲೂ ಇದೆ. ಅದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದ ಕೀರ್ತಿ ಮಾತ್ರ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗೆ ಸಲ್ಲಬೇಕು. ಬೇರೆ ಊರಿನವರು ರೂಟರ್ ಆರಿಸಿ ಹೊತ್ತಿಸಿ ಸುಮ್ಮನಾಗುತ್ತಾರೆ. ಇಲ್ಲಿಯವರು ಮೊದಲು ವಾದ ಹೂಡುತ್ತಾರೆ, ರೂಟರ್ ಬಳಿಗೆ ಆಮೇಲೆ ಹೋಗುತ್ತಾರೆ.

ಈ ವಾದಗಳನ್ನು ಪ್ರಬಂಧಕಾರನು ನಾಲ್ಕಾಗಿ ವಿಂಗಡಿಸಿದ್ದಾನೆ: ರಾಮನಗರದ ಶಿಲಾವಾದ, ಚನ್ನಪಟ್ಟಣದ ಮಿಣುಕುವಾದ, ಕನಕಪುರದ ಕರೆಂಟುವಾದ, ಮಾಗಡಿಯ ನಾಮವಾದ. ವಾದಿಗಳು ಈ ವಿಂಗಡಣೆಯನ್ನು ಒಪ್ಪಿಲ್ಲ, ಒಪ್ಪುವ ಲಕ್ಷಣವೂ ಇಲ್ಲ. ತಮ್ಮದು ಸತ್ಯ, ವಾದವೇನಿದ್ದರೂ ಪಕ್ಕದ ತಾಲ್ಲೂಕಿನವರದು ಎಂಬುದು ನಾಲ್ವರ ನಿಲುವೂ ಆಗಿದೆ.

1. ರಾಮನಗರದ ಶಿಲಾವಾದ

ಸೂತ್ರ: ಕಲ್ಲಿದ್ದಲ್ಲಿ ಕಡ್ಡಿಯಿಲ್ಲ.

ಭಾಷ್ಯ: ಕಡ್ಡಿ ಎಂದರೆ ಮೊಬೈಲಿನ ಮೂಲೆಯಲ್ಲಿ ಏರಿಳಿಯುವ ಸಿಗ್ನಲ್ ಕಡ್ಡಿ. ಕಲ್ಲು ಎಂದರೆ ರಾಮನಗರ. ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅದೇ ಹೆಸರನ್ನು ಭೂವಿಜ್ಞಾನಿಗಳು ಇಲ್ಲಿಯ ಗ್ರಾನೈಟಿಗೆ ಇಟ್ಟಿದ್ದಾರೆ. ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ವೈಫೈಯ ಮೊದಲ ಮಾನದಂಡವಾದ 802.11 ಹೊರಬಂದದ್ದು 1997ರಲ್ಲಿ. ಇಬ್ಬರೂ ಎದುರುಬದುರಾದಾಗ ಯಾರು ಪಕ್ಕಕ್ಕೆ ಸರಿಯಬೇಕು ಎಂಬುದರಲ್ಲಿ ಶಿಲಾವಾದಿಗಳಿಗೆ ಅನುಮಾನವೇ ಇಲ್ಲ. ‘ಶೋಲೆ’ಯನ್ನೂ ಅವರು ಪ್ರಮಾಣವಾಗಿ ಮುಂದಿಡುತ್ತಾರೆ. 1975ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಗಬ್ಬರ್‌ನ ಅಬ್ಬರ ರಾಮದೇವರ ಬೆಟ್ಟದ ಬಂಡೆಗಳಿಗೆ ಬಡಿದು ವಾಪಸು ಬಂತಲ್ಲ, ಅಷ್ಟು ದೊಡ್ಡ ದನಿಯೇ ಬಂಡೆ ದಾಟದಿದ್ದ ಮೇಲೆ ಅಂಗೈಯಗಲದ ರೂಟರ್ ಯಾವ ಲೆಕ್ಕ?

ಉದಾಹರಣೆಗೆ ಹುಳದ ಮನೆ. ಬೆಳೆದ ರೇಷ್ಮೆಹುಳಕ್ಕೆ 24ರಿಂದ 25 ಡಿಗ್ರಿ ಶಾಖ, ಶೇಕಡಾ 70ರ ಆಸುಪಾಸಿನ ತೇವ ಇರಬೇಕು. ಇದನ್ನು ಅಳೆದು ಮೊಬೈಲಿಗೆ ಕಳಿಸುವ ಪುಟ್ಟ ವೈಫೈ ಯಂತ್ರವನ್ನು ಮಗ ತಂದು ಮೊಳೆಗೆ ನೇತುಹಾಕುತ್ತಾನೆ. ರೋಗ ತಗುಲದಿರಲೆಂದು ಹುಳದ ಮನೆಯನ್ನು ವಾಸದ ಮನೆಯಿಂದ ದೂರ ಕಟ್ಟಿರುತ್ತಾರೆ. ಗೋಡೆ ಸೈಜುಗಲ್ಲಿನದು. ಬೇಸಿಗೆಯಲ್ಲಿ ತಂಪಿಗೆಂದು ಕಿಟಕಿಗೆ ಒದ್ದೆ ಗೋಣಿತಾಟು ಬೇರೆ. ದೂರ, ಕಲ್ಲು, ನೀರು ಮೂರೂ ಅಲೆಗಳಿಗೆ ಆಗದವು. ಹೀಗಾಗಿ ಒಳಗೆ ಮಧ್ಯಾಹ್ನದ ಧಗೆಯಿದ್ದರೂ ಮೊಬೈಲಿನಲ್ಲಿ ಬೆಳಗಿನ ಏಳು ಗಂಟೆಯ ತಂಪು ದಿನವಿಡೀ ನೆಲೆಸಿರುತ್ತದೆ. ಅಪ್ಪ ಬಾಗಿಲು ತೆರೆದು ಕೆನ್ನೆಗೆ ಬಡಿದ ಗಾಳಿಯಿಂದಲೇ ಶಾಖ ಹೇಳುತ್ತಾರೆ. ಮಗ ಪರದೆ ನೋಡಿ ಅಪ್ಪನನ್ನು ತಿದ್ದುತ್ತಾನೆ.

ಶಿಲಾವಾದಿಗಳು ಶಾಸ್ತ್ರಕ್ಕೆ ಕೊಟ್ಟ ಇನ್ನೊಂದು ಕೊಡುಗೆ ಜ್ವರಸಿದ್ಧಾಂತ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಅಲುಗಿಸಬಾರದು. ತಲೆಯೆತ್ತಿ ನಿಶ್ಚಲವಾಗಿದ್ದು, ಪೊರೆ ಕಳಚಿ ತಾನೇ ಏಳುತ್ತದೆ. ಯಂತ್ರ ಅಪ್‌ಡೇಟಿಗೆ ಕೂತಾಗಲೂ ಇದೇ ಪಥ್ಯ. ನಡುವೆ ಕರೆಂಟು ತೆಗೆದರೆ ಹಳೆಯ ಪೊರೆಯೂ ಇಲ್ಲ, ಹೊಸ ಚರ್ಮವೂ ಇಲ್ಲ. ರೇಷ್ಮೆ ಸಾಕಿದವರ ಮನೆಯಲ್ಲಿ ಅಪ್‌ಡೇಟ್ ಕೆಟ್ಟ ಉದಾಹರಣೆ ಅಪರೂಪವೆಂದು ಶಿಲಾವಾದಿಗಳು ಹೇಳಿಕೊಳ್ಳುತ್ತಾರೆ. ಗೂಡಿನ ಹರಾಜಿನ ದಿನ ಮಾತ್ರ ಯಾರಿಗೂ ಅಷ್ಟು ತಾಳ್ಮೆ ಇರುವುದಿಲ್ಲ.

2. ಚನ್ನಪಟ್ಟಣದ ಮಿಣುಕುವಾದ

ಸೂತ್ರ: ಬಣ್ಣ ಬಲ್ಲವನೇ ಬಲ್ಲ.

ಭಾಷ್ಯ: ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹಿಡಿಯುತ್ತದೆ. ಈ ಕೆಲಸ ನೋಡಿಕೊಂಡೇ ಬೆಳೆದ ಊರಿನವರಿಗೆ ಯಂತ್ರದ ಮೂತಿಯಲ್ಲಿ ಮಿನುಗುವ ಸಾಸಿವೆಯಷ್ಟು ದೀಪವೂ ಓದಲು ಸಾಲುತ್ತದೆ. ಬೇಗಬೇಗ ಮಿಣುಕಿದರೆ ಜೋಡಣೆಗೆ ಸಿದ್ಧ. ನಿಧಾನಕ್ಕೆ ಮಿಣುಕಿದರೆ ತನ್ನದೇ ಹಾಟ್‌ಸ್ಪಾಟ್ ತೆರೆದು ಕೂತಿದೆ. ಮಿಣುಕದೆ ಉರಿದರೆ ಮುಕ್ತಿ. ಇಷ್ಟರವರೆಗೆ ಒಮ್ಮತವಿದೆ. ಭಿನ್ನಮತ ಹುಟ್ಟುವುದು ಕಂಪನಿ ಬದಲಾದಾಗ: ಒಂದರಲ್ಲಿ ನೀಲಿ ಎಂದರೆ ಕ್ಷೇಮ, ಇನ್ನೊಂದರಲ್ಲಿ ಅದೇ ನೀಲಿ ಆರ್ತನಾದ. ಮೂಲಗ್ರಂಥವಾದ ಕೈಪಿಡಿಯನ್ನು ಇರುವೆಗಳೂ ಕನ್ನಡಕ ಕೇಳುವ ಅಕ್ಷರದಲ್ಲಿ ಅಚ್ಚು ಹಾಕಿರುವುದರಿಂದ, ಪಾಠ ನಿರ್ಣಯ ಇನ್ನೂ ನಡೆದಿದೆ.

ಈ ಪಂಥದ ಕರ್ಮಕಾಂಡ ವಿಸ್ತಾರವಾದದ್ದು. ಕೆಲವು ಬಲ್ಬುಗಳನ್ನು ಮೂರು ಸಲ ಆರಿಸಿ ಹೊತ್ತಿಸಿದರೆ ಹಳೆಯದನ್ನೆಲ್ಲ ಮರೆತು ಮಗುವಾಗುತ್ತವೆ. ಪ್ಲಗ್ಗಿನ ಗುಂಡಿಯನ್ನು ಐದು ಎಣಿಸುವವರೆಗೆ ಒತ್ತಬೇಕು. ಕ್ಯಾಮೆರಾದ ಸೂಜಿರಂಧ್ರಕ್ಕೆ ಸಿಮ್ ತೆಗೆಯುವ ಕಡ್ಡಿಯೇ ಬೇಕು. ಆ ಕಡ್ಡಿ ಕೊಂಡ ದಿನ ಕಂಡದ್ದು ಬಿಟ್ಟರೆ ಮತ್ತೆ ಯಾರಿಗೂ ದರ್ಶನ ಕೊಟ್ಟಿಲ್ಲವಾದ್ದರಿಂದ ಕಿವಿಯೋಲೆಯ ತಿರುಪಿಗೆ ವಿಧಿಯಲ್ಲಿ ವಿಕಲ್ಪವುಂಟು. ದೀಪ ನಿಧಾನಕ್ಕೆ ಮಿಣುಕುವಾಗ ಮೊಬೈಲ್ ಡೇಟಾ ಆರಿಸಿರಬೇಕೆಂಬುದು ಇವರ ರಹಸ್ಯೋಪದೇಶ. ಪ್ಲಗ್ಗಿನ ಹಾಟ್‌ಸ್ಪಾಟಿನಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಅದನ್ನು ಕಂಡ ಫೋನು, ಇಲ್ಲಿ ನನಗೇನು ಕೆಲಸ ಎಂದು ಡೇಟಾದ ಕಡೆಗೆ ಜಾರಿಕೊಳ್ಳುತ್ತದೆ. ಮಾತುಕತೆ ನಡೆಯುತ್ತಿರುವಾಗಲೇ ಬೀಗರು ಎದ್ದು ಹೋಗಿರುತ್ತಾರೆ. ಆ್ಯಪಿಗೆ ಲೊಕೇಶನ್ ಅನುಮತಿ ಕೊಡದಿದ್ದರಂತೂ ಅದಕ್ಕೆ ಸುತ್ತಲಿನ ವೈಫೈಗಳೇ ಕಾಣುವುದಿಲ್ಲ.

3. ಕನಕಪುರದ ಕರೆಂಟುವಾದ

ಸೂತ್ರ: ಹೋದದ್ದು ಬಂದರೂ ಇದ್ದದ್ದು ಕೂಡದು.

ಭಾಷ್ಯ: ಕರೆಂಟು ಹೋಗುವುದು ಸಮಸ್ಯೆಯಲ್ಲ, ಬರುವುದೇ ಸಮಸ್ಯೆ. ಕರೆಂಟು ಬಂದ ಕೂಡಲೇ ಪ್ಲಗ್ಗು ಕೆಲವೇ ಸೆಕೆಂಡಿನಲ್ಲಿ ಎದ್ದು ವೈಫೈಯನ್ನು ಕೂಗುತ್ತದೆ. ರೂಟರ್ ಪೂರ್ತಿ ಕಣ್ಣು ಬಿಡಲು ಎರಡು ನಿಮಿಷ ಬೇಕು. ಬುದ್ಧಿವಂತ ಪ್ಲಗ್ಗು ಕೂಗುತ್ತಲೇ ಇರುತ್ತದೆ, ಸೋಮಾರಿ ಪ್ಲಗ್ಗು ನಾಲ್ಕು ಸಲ ಕೂಗಿ ಮಲಗುತ್ತದೆ. ಪರಿಹಾರ: ರೂಟರ್ ಎದ್ದ ಮೇಲೆ ಪ್ಲಗ್ಗನ್ನು ಮತ್ತೊಮ್ಮೆ ಎಬ್ಬಿಸುವುದು, ಅಥವಾ ರೂಟರಿಗೊಂದು ಪುಟ್ಟ ಯುಪಿಎಸ್ ಕಟ್ಟುವುದು. ಮೇಕೆದಾಟಿನಲ್ಲಿ ಮೇಕೆಯೊಂದು ಕಾವೇರಿಯ ಕಮರಿಯನ್ನೇ ನೆಗೆಯಿತೆಂಬ ಐತಿಹ್ಯವಿರುವಾಗ, ನಿಮ್ಮ ಸಿಗ್ನಲ್ಲಿಗೆ ಪಡಸಾಲೆಯಿಂದ ಕೋಣೆಗೆ ಬರಲಾಗದೇ ಎಂದು ಶಿಲಾವಾದಿಗಳು ಕೆಣಕುವುದುಂಟು. ಮೇಕೆಗೆ ಕರೆಂಟು ಬೇಕಿರಲಿಲ್ಲ ಎಂಬುದೇ ಕನಕಪುರದ ಉತ್ತರ.

ಈ ಪಂಥದ ನಿಜವಾದ ಸಾಧನೆ, ಬೇರೆ ಮೂವರೂ ಕಾಣದ ಕಾರಣವೊಂದನ್ನು ಹಿಡಿದದ್ದು. ಸ್ಮಾರ್ಟ್ ಬಲ್ಬಿಗೆ ಗೋಡೆಯ ಸ್ವಿಚ್ಚು ಸದಾ ಆನ್ ಆಗಿರಬೇಕು. ದೀಪ ಆರಿಸುವುದೇನಿದ್ದರೂ ಮೊಬೈಲಿನಿಂದ. ಇದನ್ನು ಮೊಮ್ಮಗ ವಿವರಿಸುತ್ತಾನೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಕೋಣೆಯಿಂದ ಹೊರಡುವಾಗ ಟಕ್ ಎಂದು ಸ್ವಿಚ್ಚು ಆರಿಸುತ್ತಾರೆ.

‘ಅಜ್ಜಿ, ಅದು ಆನಲ್ಲೇ ಇರ್ಬೇಕು.’

‘ಜನ ಇಲ್ದಿರೋ ರೂಮಿಗೆ ಲೈಟ್ ಯಾಕ್ಲಾ ಮಗ?’

‘ಲೈಟ್ ಆಫ್ ಆಗಿರುತ್ತೆ ಅಜ್ಜಿ. ಸ್ವಿಚ್ ಮಾತ್ರ ಆನು.’

‘ಲೈಟ್ ಉರೀದೆ ಸ್ವಿಚ್ ಯಾಕ್ ಆನಾಗಿರ್ಬೇಕು?’

ಇದಕ್ಕೆ ಯಾವ ಕಂಪನಿಯ ಸಹಾಯವಾಣಿಯೂ ಉತ್ತರಿಸಿದ್ದಿಲ್ಲ.

4. ಮಾಗಡಿಯ ನಾಮವಾದ

ಸೂತ್ರ: ಹೆಸರು ತಪ್ಪಿದರೆ ಬಾಗಿಲು ತೆರೆಯದು.

ಭಾಷ್ಯ: ಕೆಂಪೇಗೌಡರ ವಂಶದವರು ಆಳಿದ ಊರಾದ್ದರಿಂದ ಕೋಟೆ, ಬಾಗಿಲು, ಕಾವಲಿನ ವಿಚಾರದಲ್ಲಿ ಮಾಗಡಿಯವರ ಮಾತಿಗೆ ತೂಕ ಹೆಚ್ಚು. ವೈಫೈಯ ಪಾಸ್‌ವರ್ಡು 8 ಅಕ್ಷರಕ್ಕೆ ಕಡಿಮೆಯಿರಬಾರದು, 63 ದಾಟಬಾರದು. ಕೊನೆಯಲ್ಲಿ ಕೀಬೋರ್ಡು ತಾನಾಗಿ ಸೇರಿಸಿದ ಒಂದು ಖಾಲಿ ಜಾಗವೂ ಅಕ್ಷರವೇ. ಕಣ್ಣಿಗೆ ಕಾಣದ ಈ ಶತ್ರುವಿಗೆ ಬಲಿಯಾದ ಸಂಜೆಗಳು ಅಸಂಖ್ಯ.

ಹೆಸರಿನ ವಿಚಾರ ಇನ್ನೂ ಸೂಕ್ಷ್ಮ. ವೈಫೈಯ ಹೆಸರಿಗೆ ಇರುವ ಜಾಗ 32 ಬೈಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟು ಸಾಕು. ಕನ್ನಡದ ‘ಮ’ಕ್ಕೆ ಮೂರು, ಅದರ ದೀರ್ಘಕ್ಕೆ ಮತ್ತೆ ಮೂರು, ‘ಮಾ’ ಎನ್ನುವಷ್ಟರಲ್ಲಿ ಆರು ಖರ್ಚು. ಭಕ್ತರೊಬ್ಬರು ರೂಟರಿಗೆ ‘ಮಾಗಡಿ ರಂಗನಾಥ’ ಎಂದು ಹೆಸರಿಡ ಹೊರಟರೆನ್ನಿ. ‘ಮಾಗಡಿ’ಗೆ 15, ನಡುವಿನ ಜಾಗಕ್ಕೆ 1, ‘ರಂಗನಾಥ’ನಿಗೆ 18, ಒಟ್ಟು 34. ಎರಡು ಬೈಟು ಹೆಚ್ಚಾಗಿ ಸ್ವಾಮಿ ಹೊರಗುಳಿದ. ‘ಮಾಗಡಿ ರಂಗ’ ಎಂದರೆ 25ಕ್ಕೇ ಒಳಗೆ ಬರುತ್ತಾನೆ. ಆದರೆ ಕೆಲವು ಯಂತ್ರಗಳಿಗೆ ಕನ್ನಡವೇ ತಿಳಿಯದಾದ್ದರಿಂದ ಅವು ಬಾಗಿಲಲ್ಲೇ ನಿಲ್ಲುತ್ತವೆ.

ರೂಟರ್ ಬದಲಿಸಿದಾಗ ಮನೆಯ ಯಂತ್ರಗಳೆಲ್ಲ ಅನಾಥವಾಗುವುದಕ್ಕೂ ನಾಮವಾದಿಗಳಲ್ಲಿ ಮದ್ದಿದೆ: ಹೊಸ ರೂಟರಿಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಡಿ; ಯಜಮಾನ ಬದಲಾದದ್ದು ಯಾವ ಬಲ್ಬಿಗೂ ತಿಳಿಯುವುದಿಲ್ಲ. ಇದಕ್ಕೆ ಅವರು ಕೊಡುವ ದೃಷ್ಟಾಂತ ಜಿಲ್ಲೆಯದೇ. ಶಂಸೇರಾಬಾದ್ ಕ್ಲೋಸ್‌ಪೇಟೆಯಾಗಿ, ಕ್ಲೋಸ್‌ಪೇಟೆ ರಾಮನಗರವಾಗಿ, 2007ರಲ್ಲಿ ಜಿಲ್ಲಾ ಕೇಂದ್ರವಾಗಿ, 2025ರಲ್ಲಿ ಜಿಲ್ಲೆ ‘ಬೆಂಗಳೂರು ದಕ್ಷಿಣ’ವಾಯಿತು. ಜನ ಮಾತ್ರ ಹಳೆಯ ಹೆಸರಿಗೇ ಕನೆಕ್ಟ್ ಆಗಿದ್ದಾರೆ.

ಅಮೆರಿಕದಿಂದ ಅಳಿಯ ತಂದ ಕ್ಯಾಮೆರಾ ಕೂಡದಿದ್ದರೆ ಹೆಸರನ್ನು ದೂರಬೇಡಿ ಎಂದೂ ಇವರೇ ಎಚ್ಚರಿಸುತ್ತಾರೆ. ನಮ್ಮಲ್ಲಿ ರೂಟರ್ 13ನೇ ಚಾನೆಲ್ಲಿಗೂ ಹೋಗಬಹುದು. ಆ ದೇಶಕ್ಕೆಂದು ಮಾಡಿದ ಯಂತ್ರ ಸಾಮಾನ್ಯವಾಗಿ 11ರ ಆಚೆ ನೋಡುವುದಿಲ್ಲ. ರೂಟರನ್ನು 1, 6, 11ರಲ್ಲೊಂದಕ್ಕೆ ಇಳಿಸಿದರೆ ಅಳಿಯನ ಮರ್ಯಾದೆ ಉಳಿಯುತ್ತದೆ.

5. ಸಿದ್ಧಾಂತ

ನಾಲ್ವರೂ ಹೇಳುವುದು ನಿಜವೇ. ತೊಡಕೆಂದರೆ, ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಸಿಗುವ ಕಾರಣವನ್ನೇ ಮೊದಲು ಹುಡುಕಿ, ಸಿಕ್ಕ ಕೂಡಲೇ ಹುಡುಕುವುದನ್ನು ನಿಲ್ಲಿಸುತ್ತಾರೆ. ಬೇಕಾದದ್ದು ಕಾರಣಕ್ಕಿಂತ ಮೊದಲು ಕ್ರಮ: ಮೊದಲು ಗೋಡೆಯ ಸ್ವಿಚ್ಚು, ಆಮೇಲೆ ಯಂತ್ರವನ್ನು ರೂಟರಿನ ಪಕ್ಕಕ್ಕೇ ತಂದು ನೋಡುವುದು, ಆಮೇಲೆ ಅಲೆಗಳ ಪಟ್ಟಿ (ಬ್ಯಾಂಡ್), ಆಮೇಲೆ ಪಾಸ್‌ವರ್ಡಿನ ಅಕ್ಷರ.

ಪಟ್ಟಿಯ ಮಾತು ನಾಲ್ವರ ಬಾಯಲ್ಲೂ ಬರದಿದ್ದುದೇ ಸೋಜಿಗ. ಭಾರತ ಸರ್ಕಾರ 2005ರಲ್ಲಿ ಲೈಸೆನ್ಸಿನಿಂದ ಮುಕ್ತಗೊಳಿಸಿದ 2.4 ಗಿಗಾಹರ್ಟ್ಸ್ ಪಟ್ಟಿಯೊಂದೇ ಬಹುಪಾಲು ಬಲ್ಬು, ಪ್ಲಗ್ಗುಗಳಿಗೆ ಗೊತ್ತಿರುವುದು. ಇಂದಿನ ರೂಟರ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಟ್ಟಿರುತ್ತದೆ. ವೇಗದ ಆಸೆಗೆ ಫೋನು 5ರಲ್ಲಿ ಕೂತು ಕರೆಯುತ್ತದೆ, ಪ್ಲಗ್ಗು 2.4ರಲ್ಲಿ ಕಿವಿಯಿಟ್ಟಿರುತ್ತದೆ. ಸೆಟ್ಟಿಂಗಿನಲ್ಲಿ ಎರಡಕ್ಕೂ ಬೇರೆ ಹೆಸರಿಡಬಹುದು. ಅದು ಬಾರದವರಿಗೆ ರಾಮನಗರದಲ್ಲೇ ಉಪಾಯವಿದೆ: ಫೋನು, ಪ್ಲಗ್ಗು ಎರಡನ್ನೂ ಹಿಡಿದು ಕಲ್ಲುಗೋಡೆಯ ಆಚೆಗೆ ಹೋಗಿ. ಗೋಡೆ ದಾಟುವಲ್ಲಿ 5ಕ್ಕೆ ಬಲ ಕಡಿಮೆ. ಅದು ಸೋತಾಗ ಫೋನು ಸಾಮಾನ್ಯವಾಗಿ 2.4ಕ್ಕೆ ಇಳಿಯುತ್ತದೆ, ಜೋಡಣೆ ಮುಗಿಯುತ್ತದೆ. 250 ಕೋಟಿ ವರ್ಷದ ಆರೋಪಿಯನ್ನು ಹೀಗೆ ಸಾಕ್ಷಿಯನ್ನಾಗಿ ಮಾಡಿಕೊಂಡದ್ದು ಪ್ರಸ್ತುತ ಪ್ರಬಂಧದ ನಮ್ರ ಸಾಧನೆ.

ಎಲ್ಲವೂ ಸರಿಯಿದ್ದೂ ಆಫ್‌ಲೈನ್ ಎಂದರೆ, ಆಜ್ಞೆಯ ದಾರಿ ನೆನೆಯಿರಿ. ಹತ್ತು ಅಡಿ ಆಚೆಯ ದೀಪ ಹೊತ್ತಲು ಅಪ್ಪಣೆ ಎಷ್ಟೋ ಯಂತ್ರಗಳಲ್ಲಿ ಮನೆ ಬಿಟ್ಟು, ಕೇಬಲ್ ಹಿಡಿದು, ಕಂಪನಿಯ ದೂರದ ಸರ್ವರಿಗೆ ಹೋಗಿ, ಅಲ್ಲಿಂದ ಅದೇ ಮನೆಗೆ ವಾಪಸು ಬರಬೇಕು. ಅಲ್ಲಿ ಕೆಟ್ಟರೆ ಇಲ್ಲಿ ಕತ್ತಲು. ಅಷ್ಟು ಹೊತ್ತಿಗೆ ಅಜ್ಜಿ ಎದ್ದು ಪಕ್ಕದ ಟ್ಯೂಬ್‌ಲೈಟ್ ಹಾಕಿರುತ್ತಾರೆ.

ಫಲಶ್ರುತಿ

ಈ ಪ್ರಬಂಧವನ್ನು ಬೆಳಿಗ್ಗೆ ಓದಿದವರ ಪ್ಲಗ್ಗು ಸಂಜೆಯೊಳಗೆ ಕೂಡುವುದು. ಸಂಜೆ ಓದಿದವರದು ಕರೆಂಟು ಬಂದ ಎರಡು ನಿಮಿಷಕ್ಕೆ ಕೂಡುವುದು. ರೂಟರಿನ ಪಕ್ಕ ನಿಂತು ಓದಿದವರಿಗೆ ಓದುವ ಮೊದಲೇ ಅರ್ಧ ಫಲ. ಓದದೆಯೇ ಪಕ್ಕದ ಮನೆಯ ಪಿಯುಸಿ ಹುಡುಗನನ್ನು ಕರೆದವರಿಗೆ ಎಲ್ಲರಿಗಿಂತ ಬೇಗ ಫಲ ಸಿಗುವುದು. ಆದರೆ ಹುಡುಗನಿಗೆ ಪಾಸ್‌ವರ್ಡ್ ತಿಳಿದು, ಮರುದಿನದಿಂದ ಅವರ ವೈಫೈ ಕಾರಣವಿಲ್ಲದೆ ನಿಧಾನವಾಗುವುದು. ಆ ವಿಷಯವನ್ನು ಕುರಿತ ಎರಡನೇ ಸಂಪುಟವನ್ನು ಆ ಹುಡುಗನ ಅಪ್ಪನ ಅನುಮತಿ ದೊರೆತ ಕೂಡಲೇ ಅಚ್ಚಿಗೆ ಕೊಡಲಾಗುವುದು.