ನಡುವಿನ ವಾಷರು

ಮದುವೆಯಲ್ಲಿ ಮುಯ್ಯಿ ಬಂದ ಸ್ಟೀಲ್ ಡಬ್ಬಿಗಳು ಮೂವತ್ತು ವರ್ಷವಾದರೂ ನಮ್ಮ ಕೂಡ್ಲಿಗಿ ಮನೆಯ ಅಟ್ಟದ ಮೇಲೆ ಹಾಗೇ ಹೊಳೆಯುತ್ತಿವೆ. ಆ ಹೊಳಪು ನೋಡಿಯೇ ನಾನು ಕೆಟ್ಟಿದ್ದು.

ನನ್ನ ಹಳೇ ಜೀಪಿನ ಬ್ಯಾಟರಿ ಟರ್ಮಿನಲ್ಲಿಗೆ ಆಗಾಗ ಹಸಿರು-ನೀಲಿ ಪುಡಿ ಹತ್ತುತ್ತಿತ್ತು. ಮಿರ್ಚಿಗೆಂದು ಇಟ್ಟ ಸೋಡಾ ಕದ್ದು, ಬಿಸಿನೀರಿಗೆ ಹಾಕಿ ಸುರಿದರೆ ನೊರೆಯೆದ್ದು ಹೋಗುತ್ತಿತ್ತು. ಬೋಲ್ಟು ಮಾತ್ರ ಆಸಿಡ್ಡಿನ ಆವಿಗೆ ತುಕ್ಕು ಹಿಡಿದು, ಹದಿಮೂರು ನಂಬರ್ ಸ್ಪ್ಯಾನರಿಗೂ ಸಿಗದಷ್ಟು ಸೊರಗಿತ್ತು. ಹಗರಿಬೊಮ್ಮನಹಳ್ಳಿಗೆ ಹೋಗಿ ಸ್ಟೀಲ್ ಬೋಲ್ಟು ಕೇಳಿದೆ.

“304 ಬೇಕೋ, 316 ಬೇಕೋ?”

ರೈಲಿನ ನಂಬರು ಕೇಳಿದಂತಾಯಿತು. 316ಕ್ಕೆ ಮಾಲಿಬ್ಡಿನಮ್ ಬೆರೆಸಿರುತ್ತಾರಂತೆ, ಸಮುದ್ರದ ಉಪ್ಪಿಗೂ ಜಗ್ಗುವುದಿಲ್ಲವಂತೆ. ನಮಗಿರುವ ಸಮುದ್ರವೆಂದರೆ ತುಂಗಭದ್ರೆಯ ಹಿನ್ನೀರು. 304 ಸಾಕೆಂದೆ. ದುಡ್ಡು ಉಳಿಯಿತಲ್ಲ ಎಂದು ವಾಷರು ಮಾತ್ರ ಧಾರಾಳವಾಗಿ ಕೊಂಡೆ. ಕ್ಲ್ಯಾಂಪಿಗೂ ಕೇಬಲಿನ ತಾಮ್ರದ ಲಗ್ಗಿಗೂ ನಡುವೆ ಒಂದು ಪ್ಲೇನು, ಒಂದು ಸ್ಪ್ರಿಂಗು ಕೂರಿಸಿ, ಕೈಯೊರೆಸಿಕೊಂಡು ದೂರ ನಿಂತು ನೋಡಿದೆ. ಬೆಳ್ಳಿ ಕಾಲುಂಗುರದ ಹಾಗಿತ್ತು.

ಮರುದಿನ ಕೊಟ್ಟೂರು ತೇರು. ಹೆಂಡತಿ ಹಡಗಲಿ ಮಲ್ಲಿಗೆ ಮುಡಿದು ಕೂತಾಯಿತು. ಕೀಲಿ ತಿರುಗಿಸಿದೆ. “ಟಿಕ್.” ಮೈಲಾರದ ಕಾರಣಿಕದಂತೆ ಒಂದೇ ಮಾತು; ಅರ್ಥ ನಾವೇ ಹುಡುಕಬೇಕು. ತಳ್ಳಿಸೋಣವೆಂದರೆ ಬೀದಿಯ ಗಂಡಸರೆಲ್ಲ ಬೆಳಿಗ್ಗೆಯೇ ಕೊಟ್ಟೂರಿಗೆ ನಡೆದು ಹೋಗಿದ್ದರು. ಹಟಕ್ಕೆ ಬಿದ್ದು ಹತ್ತು ಸಲ ತಿರುಗಿಸಿ, ಬಾನೆಟ್ ಎತ್ತಿ ಬೋಲ್ಟು ಮುಟ್ಟಿದರೆ ಬೆರಳು ಚುರ್ ಎಂದಿತು.

ಹರಪನಹಳ್ಳಿ ಕಡೆಯ ಮೆಕ್ಯಾನಿಕ್ ಒಬ್ಬ ಬಂದು ನೋಡಿದ. ನಗಲಿಲ್ಲ, ಅದೇ ಹೆಚ್ಚು ನೋವಾಯಿತು.

“ಬೀಗರು ಬೀಗರು ಕೈ ಹಿಡಿಯೋ ಹೊತ್ತಿಗೆ ನಡುವೆ ದಲ್ಲಾಳಿ ಯಾಕ್ರೀ? ಸ್ಟೀಲು ಹಿಡಿಯೋಕೆ ಐತಿ, ಕರೆಂಟು ಹರಿಸೋಕಲ್ಲ.”

ತಾಮ್ರದಲ್ಲಿ ಹರಿಯುವ ಸುಲಭದ ನಲವತ್ತನೆಯ ಒಂದು ಪಾಲೂ ಸ್ಟೀಲಿನಲ್ಲಿಲ್ಲ. ಮೇಲಾಗಿ, ತುಕ್ಕು ಬಾರದಂತೆ ಕಾಯುವ ಕ್ರೋಮಿಯಂ ಆಕ್ಸೈಡಿನ ಪೊರೆಯೇ ಕರೆಂಟಿಗೂ ಅಡ್ಡ ನಿಲ್ಲುತ್ತದೆ. ಸೆಲ್ಫ್ ಹೊಡೆದಾಗ ನೂರಾರು ಆಂಪಿಯರ್ ನುಗ್ಗಿ ಬರುವ ಬಾಗಿಲಿಗೆ ನಾನು ಸ್ಪ್ರಿಂಗ್ ವಾಷರಿನ ಕಿಂಡಿ ಇಟ್ಟಿದ್ದೆ. ಅವನು ಲಗ್ಗನ್ನು ಉಜ್ಜಿ ಕ್ಲ್ಯಾಂಪಿಗೇ ಅಂಟಿಸಿದ, ವಾಷರುಗಳನ್ನು ನಟ್ಟಿನ ಕೆಳಗೆ ತಂದ. ಸ್ಟೀಲಿಗೆ ಸ್ಟೀಲು ಕಚ್ಚಿಕೊಂಡರೆ ಬಿಡುವುದಿಲ್ಲವೆಂದು ಮರೆಗೆ ಗ್ರೀಸ್ ಸವರಿದ. ಜೀಪು ಒಂದೇ ಏಟಿಗೆ ಎದ್ದಿತು.

ಕೊಟ್ಟೂರು ಮುಟ್ಟುವ ಹೊತ್ತಿಗೆ ತೇರು ನೆಲೆ ಸೇರಿತ್ತು.

“ಅದಕ್ಕೆ ಬ್ಯಾಟರಿ ಇಲ್ಲ ನೋಡ್ರಿ,” ಎಂದಳು ಹೆಂಡತಿ, ಬಾಡಿದ ಮಲ್ಲಿಗೆ ಸರಿಮಾಡಿಕೊಳ್ಳುತ್ತ.