ನಿದ್ದೆಗೆಡಿಸುವ ಫೈಲಿನ ಜತೆ ನಾಲ್ಕು ಮಾತು

(ಲಿನಕ್ಸ್ ಕರ್ನಲ್‌ನ ಪಿಎಂ ಕ್ಯೂಓಎಸ್ ವಿಭಾಗದ ‘ಸಿಪಿಯು_ಡಿಎಂಎ_ಲೇಟೆನ್ಸಿ’ ಎಂಬ ಫೈಲ್ ‘ಡೆವ್’ ಡೈರೆಕ್ಟರಿಯಲ್ಲಿ ವಾಸ. ರೂಟ್ ಪರವಾನಗಿ ತೋರಿಸಿದ ಮೇಲೆಯೇ ಬಾಯಿ ಬಿಟ್ಟಿತು.)

ಪ್ರಶ್ನೆ: ತಮ್ಮ ಕೆಲಸವೇನು ಸ್ವಾಮಿ?

ಫೈಲ್: ಅರ್ಜಿ ತಗೊಳ್ಳೋದು. ‘ಸಿಪಿಯು ಎದ್ದು ಬರೋಕೆ ಇಷ್ಟು ಮೈಕ್ರೋಸೆಕೆಂಡ್‌ಗಿಂತ ಹೆಚ್ಚು ಕಾಯಲಾರೆ’ ಅಂತ ಪ್ರೋಗ್ರಾಂ ಒಂದು ಸಂಖ್ಯೆ ಬರೆದುಕೊಡುತ್ತೆ. ಏಳೋಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯೋ ನಿದ್ದೆಗೆ ಸಿಪಿಯು ಜಾರೋ ಹಾಗಿಲ್ಲ.

ಪ್ರಶ್ನೆ: ಹತ್ತು ಜನ ಹತ್ತು ಸಂಖ್ಯೆ ಕೊಟ್ಟರೆ? ಬಹುಮತವೋ?

ಫೈಲ್: ಬಹುಮತ ನಿಮ್ಮ ವಿಧಾನಸೌಧದಲ್ಲಿ. ಇಲ್ಲಿ ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯೇ ಗೆಲ್ಲೋದು. ಒಂಬತ್ತು ಜನ ‘ಪಾಪ, ನಿಧಾನವಾಗಿ ಏಳಲಿ’ ಅಂದರೂ ಒಬ್ಬ ಆತುರಗಾರ ಸೊನ್ನೆ ಬರೆದರೆ ಮುಗೀತು, ಎಲ್ಲರಿಗೂ ಜಾಗರಣೆ.

ಪ್ರಶ್ನೆ: ಏಳೋಕೆ ಅಷ್ಟೊಂದು ಹೊತ್ತಾ?

ಫೈಲ್: ಇಂಟೆಲ್‌ನ ಸ್ಕೈಲೇಕ್ ಸರ್ವರ್ ಚಿಪ್ ತಗೊಳ್ಳಿ. ಸಿ1 ತೂಕಡಿಕೆಯಿಂದ ಏಳೋಕೆ 2 ಮೈಕ್ರೋಸೆಕೆಂಡ್, ಸಿ6 ನಿದ್ದೆಯಿಂದ 133 ಅಂತ ಕರ್ನಲ್ ಕೋಷ್ಟಕದಲ್ಲಿದೆ. ಇಷ್ಟಕ್ಕೇ ಈ ಗಲಾಟೆ! ಸೈಕ್ಲಿಕ್‌ಟೆಸ್ಟ್ ಅಂತ ಒಬ್ಬ ಇದಾನೆ, ಬಂದವನೇ ಸೊನ್ನೆ ಬರೀತಾನೆ. ಅವನ ಉದ್ಯೋಗವೇ ವಿಳಂಬ ಅಳೆಯೋದು, ಇರಲಿ ಬಿಡಿ. ಉಳಿದವರಿಗೇನು ಬಂದಿದೆ?

ಪ್ರಶ್ನೆ: ನಿಮ್ಮ ಇಲಾಖೆಯಲ್ಲಿ ಸೊನ್ನೆಗೆ ಎಲ್ಲೆಡೆ ಒಂದೇ ಬೆಲೆಯಾ?

ಫೈಲ್: ಅದೊಂದು ಕೇಳಬೇಡಿ. ನನ್ನ ಹತ್ತಿರ ಸೊನ್ನೆ ಅಂದರೆ ‘ಚೂರೂ ಕಾಯಲ್ಲ’. ಸಿಸ್‌ಎಫ್‌ಎಸ್‌ನಲ್ಲಿ ಡಿವೈಸ್‌ಗಳ ರೆಸ್ಯೂಮ್ ಲೇಟೆನ್ಸಿ ನೋಡಿಕೊಳ್ಳೋ ದಾಯಾದಿಗಳು ಇದಾರೆ. ಅವರಲ್ಲಿ ಸೊನ್ನೆ ಅಂದರೆ ‘ಎಷ್ಟು ಹೊತ್ತಾದರೂ ಅಡ್ಡಿಯಿಲ್ಲ’. ಚೂರೂ ಕಾಯಲ್ಲ ಅನ್ನೋರು ‘ಎನ್/ಎ’ ಅಂತ ಬರೀಬೇಕು.

(ಅನ್ವಯಿಸುವುದಿಲ್ಲ ಎಂದು ಬರೆದವನಿಗೇ ಕಟ್ಟುನಿಟ್ಟಾಗಿ ಅನ್ವಯಿಸುವ ನಿಯಮ! ನಮ್ಮ ತಾಲ್ಲೂಕು ಕಚೇರಿಗಳಿಗೂ ಇದು ಹೊಳೆದಿರಲಿಲ್ಲ.)

ಪ್ರಶ್ನೆ: ಅರ್ಜಿ ಎಷ್ಟು ದಿನ ಊರ್ಜಿತ?

ಫೈಲ್: ನನ್ನನ್ನು ತೆರೆದು ಹಿಡಿದಿರುವಷ್ಟು ಹೊತ್ತು. ಕೆಲವರು ‘ಎಕೋ’ ಕಮಾಂಡ್‌ನಲ್ಲಿ ಸಂಖ್ಯೆ ಬರೆದು ಎದ್ದು ಹೋಗ್ತಾರೆ. ಫೈಲ್ ಮುಚ್ಚಿದ ಕ್ಷಣವೇ ಅರ್ಜಿ ರದ್ದು. ಆಮೇಲೆ ‘ಏನೂ ಪ್ರಯೋಜನ ಆಗಲಿಲ್ಲ’ ಅಂತ ದೂರು ಬೇರೆ. ಇನ್ನು ಕೆಲವರು ತೆರೆದಿಟ್ಟು ಮರೆತೇಬಿಡ್ತಾರೆ. ಬ್ಯಾಟರಿ ಇಳಿಯುತ್ತೆ, ಫ್ಯಾನ್ ಬಡ್ಕೊಳ್ಳುತ್ತೆ, ಬೈಗುಳ ಮಾತ್ರ ಚಾರ್ಜರ್‌ಗೆ.

ಪ್ರಶ್ನೆ: ಓದುಗರಿಗೇನು ಹೇಳ್ತೀರಿ?

ಫೈಲ್: ಲ್ಯಾಪ್‌ಟಾಪ್ ಕಾರಣವಿಲ್ಲದೆ ಬಿಸಿಯಾಗ್ತಿದ್ದರೆ ‘ಫ್ಯೂಸರ್’ ಕಮಾಂಡ್ ಕೊಟ್ಟು ನನ್ನನ್ನು ಹಿಡಿದು ಕೂತವರು ಯಾರು ಅಂತ ಒಮ್ಮೆ ನೋಡಿ. ಪ್ರೋಗ್ರಾಂ ಬರೆಯೋರಿಗೆ ಕೈಮುಗಿದು ಕೇಳ್ತೀನಿ: ನಿಜಕ್ಕೂ ಬೇಕಾದಷ್ಟೇ ಬರೀರಿ, ಕೆಲಸ ಮುಗಿದ ಮೇಲೆ ನನ್ನನ್ನು ಮುಚ್ಚಿ.